ಏಳು ನೂರು ರೂಪಾಯಿ ಉಳಿಸಿದ ಕಥೆ

ಸಂತೆಯಲ್ಲಿ ಬದನೆಕಾಯಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗೆ ಮೊದಲಿನಿಂದಲೂ ಇದೆ. ಸೀರೆ ಇರಲಿ, ಸ್ಟೀಲಿನ ಪಾತ್ರೆ ಇರಲಿ, ಹೇಳಿದ ಬೆಲೆಗೆ ಕೊಂಡು ಬಂದವಳೇ ಅಲ್ಲ. ಈ ನನ್ನ ಹೆಮ್ಮೆಗೆ ಗೇಣುದ್ದವೂ ಇಲ್ಲದ ಒಂದು ಹಸಿರು ಪಟ್ಟಿ ಪೆಟ್ಟು ಕೊಟ್ಟಿತೆಂದರೆ ನೀವು ನಗಬಹುದು. ನಗಿರಿ, ಆದರೆ ಪೂರ್ತಿ ಓದಿ ನಗಿರಿ!

ನಮ್ಮದು ಸಿಂದಗಿ. ಮಗಳು ಬಿ.ಸಿ.ಎ. ಓದುತ್ತಾಳೆ. ಮನೆಯಲ್ಲೊಂದು ಕಂಪ್ಯೂಟರ್ ಬೇಕೇ ಬೇಕು ಎಂದಳು. ಅಂಗಡಿಯ ಹೊಸ ಕಂಪ್ಯೂಟರಿನ ಬೆಲೆ ಕೇಳಿ ನಮ್ಮವರು ಎದ್ದು ಹೊರಗೆ ಹೋದರು. "ಬಿಡಿ ಸಾಮಾನು ತಂದು ನಾನ ಜೋಡಸ್ತೀನಿ" ಎಂದು ಮಗಳ ಹಟ. "ಕರೆಂಟಿನ ಕೆಲಸ, ಹೆಣ್ಣು ಹುಡುಗಿಗೆ ಯಾಕ ಬೇಕು?" ಎಂದು ಅವರ ತಕರಾರು. ಎಸ್.ಎಸ್.ಎಲ್.ಸಿ. ಆದ ಮೇಲೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಬೇಕು ಎಂಬ ಒಂದೇ ಕಾರಣಕ್ಕೆ ನನ್ನ ಓದು ನಿಂತಿತ್ತು. ಹಾಗಾಗಿ ಆ ಮಾತು ನನಗೆ ನಾಟಿತು. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು, ಬಂದಾಗ ಬಂದಷ್ಟು, ಆದಷ್ಟೂ ಮುಟ್ಟದೆ ಇಟ್ಟಿದ್ದೆ. "ರೊಕ್ಕ ನಾ ಕೊಡ್ತೀನಿ, ಜೋಡಸವ್ವಾ" ಎಂದೆ.

ಉಳಿದ ಸಾಮಾನು ಮದುವೆಗೆ ಬೀಗರು ಬಂದ ಹಾಗೆ ಬಂತು. ಹೊರಗಿನ ಡಬ್ಬಿ ಇಂಡಿಯ ನನ್ನ ತವರಿನಿಂದ, ನಿಂಬೆಹಣ್ಣಿನ ಚೀಲದ ಜೊತೆ. ಪರದೆ ಮುದ್ದೇಬಿಹಾಳದ ಅಕ್ಕನ ಮನೆಯದು. ಕೀಲಿಮಣೆ, ಮೌಸು ಬಸವನ ಬಾಗೇವಾಡಿಯ ನಾದಿನಿ ಕೊಟ್ಟದ್ದು. ಮದರ್‌ಬೋರ್ಡ್, ಪ್ರೊಸೆಸರ್ ಮಾತ್ರ ಹೊಸವು. ನಾಲ್ಕು ಊರು ಸೇರಿ ಒಂದು ಕಂಪ್ಯೂಟರ್!

ಇನ್ನು ಉಳಿದದ್ದು ರ‍್ಯಾಮ್, ಅಂದರೆ ಕಂಪ್ಯೂಟರಿನ ನೆನಪಿನ ಪಟ್ಟಿ. "ನೆನಪು ಡಿಸ್ಕಿನಾಗ ಇರೂದಿಲ್ಲೇನು?" ಎಂದು ಕೇಳಿದೆ. ಮಗಳು ಅಡುಗೆಮನೆಯ ಲೆಕ್ಕದಲ್ಲೇ ಹೇಳಿದಳು. ಡಿಸ್ಕು ಎಂದರೆ ಜೋಳದ ಹಗೇವು. ಎಷ್ಟು ದಿನ ಇಟ್ಟರೂ ಇರುತ್ತದೆ. ರ‍್ಯಾಮ್ ಎಂದರೆ ಹಿಟ್ಟು ನಾದುವ ಪರಾತ. ಹಗೇವಿನಲ್ಲಿ ಹತ್ತು ಚೀಲ ಜೋಳವಿದ್ದರೂ ಪರಾತ ಸಣ್ಣದಾದರೆ ಎರಡೆರಡೇ ರೊಟ್ಟಿಗೆ ನಾದಬೇಕು. ಕೆಲಸ ಮುಗಿದು ಕರೆಂಟು ತೆಗೆದರೆ ಪರಾತ ತೊಳೆದಿಟ್ಟ ಹಾಗೆ, ಅದರಲ್ಲಿ ಏನೂ ಉಳಿಯದು. ಕೂಡಲೇ ತಿಳಿಯಿತು.

2025ರ ಶ್ರಾವಣದಲ್ಲಿ ಜಿಲ್ಲಾ ಊರಿನ ಒಂದು ಅಂಗಡಿಗೆ ಇಬ್ಬರೂ ಹೋದೆವು. 8 ಜಿಬಿಯ ಹೊಸ ಪಟ್ಟಿಗೆ ಒಂದು ಬೆಲೆ. ಹೆಸರಿಲ್ಲದ, ಯಾರೋ ಬಳಸಿಬಿಟ್ಟ ಪಟ್ಟಿಗೆ ಏಳು ನೂರು ರೂಪಾಯಿ ಕಡಿಮೆ. "ಯವ್ವಾ, ಹೊಸಾದ ತಗೊಳ್ಳೂಣು" ಎಂದು ಮಗಳು ನನ್ನ ಸೆರಗು ಜಗ್ಗಿದಳು. ನನಗೋ, ಎರಡೂ ಅದೇ ಹಸಿರು, ಅದೇ ಉದ್ದ! "ಅಕ್ಕಾರ, ಗ್ಯಾರಂಟಿ ನಂದರಿ" ಎಂದ ಅಂಗಡಿಯವ. ಬಿಲ್ಲಿಲ್ಲದೆ ಹಣ ಕೊಟ್ಟು, ಗೆದ್ದೆನೆಂದು ಬಸ್ಸು ಹತ್ತಿದೆ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಶುರುವಾಯಿತು ನೋಡಿ. ಕೆಲಸ ಮಾಡುತ್ತಿರುವಾಗಲೇ ಪರದೆ ನೀಲಿಯಾಗಿ ಯಂತ್ರ ನಿಂತುಬಿಡುವುದು. ಕಾಲೇಜಿಗೆ ಪ್ರಾಜೆಕ್ಟ್ ಕೊಡಬೇಕಾದ ಹಿಂದಿನ ರಾತ್ರಿ ಆಕೆ ಬರೆದದ್ದೆಲ್ಲ ತೆರೆಯಲಾಗದಂತೆ ಕೆಟ್ಟುಹೋಯಿತು. ಮೆಮ್‌ಟೆಸ್ಟ್ ಎಂಬ ಪುಕ್ಕಟೆ ಪರೀಕ್ಷೆಯನ್ನು ಪೆನ್‌ಡ್ರೈವಿನಿಂದ ಹಚ್ಚಿಟ್ಟು ಮಲಗಿದೆವು. ಬೆಳಗ್ಗೆ ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ತಪ್ಪು ಆ ಪಟ್ಟಿಯದೇ.

ನಮ್ಮವರು "ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ್ಯಲ್ಲ" ಎಂದರು. ಅದನ್ನು ಹೇಗೋ ಸಹಿಸಿದೆ. ಆದರೆ ಮಗಳು ನನಗೆ ಒಂದು ಮಾತೂ ಅನ್ನಲಿಲ್ಲ. ಸುಮ್ಮನೆ ಕೂತು ಮೊದಲಿನಿಂದ ಮತ್ತೆ ಬರೆಯತೊಡಗಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಅಂಗಡಿಗೆ ಹೋದರೆ "ಬಿಲ್ ತೋರಸ್ರಿ" ಎಂದ. ಹೊಸದನ್ನೇ ಕೊಳ್ಳೋಣವೆಂದರೆ ಡಿಸೆಂಬರ್ ಹೊತ್ತಿಗೆ ಬೆಲೆ ಎರಡು ಪಟ್ಟಿಗೂ ಮೇಲೆ! ಏಕೆಂದು ಕೇಳಿದೆ. ಲೋಕದ ಹೆಚ್ಚಿನ ನೆನಪಿನ ಚಿಪ್ಪುಗಳನ್ನು ಮಾಡುವವು ಮೂರೇ ಕಂಪನಿಗಳಂತೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎ.ಐ. ನಡೆಸುವ ದೊಡ್ಡ ದೊಡ್ಡ ಡೇಟಾ ಕೇಂದ್ರಗಳು ಹೆಚ್ಚು ಹಣ ಕೊಟ್ಟು ಕೊಳ್ಳುವುದರಿಂದ ಅವು ಆ ಕಡೆಗೇ ಹೊರಳಿದವು. ನಮ್ಮಂಥವರಿಗಾಗಿ 'ಕ್ರೂಶಿಯಲ್' ಹೆಸರಿನಲ್ಲಿ ಪಟ್ಟಿ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಎಲ್ಲೋ ದೂರದೇಶದ ದೊಡ್ಡ ಅಡುಗೆಗೆ ಹಿಟ್ಟೆಲ್ಲ ಹೋಗಿ ಸಿಂದಗಿಯ ರೊಟ್ಟಿ ತುಟ್ಟಿಯಾಯಿತು! ನಾಲ್ಕು ಸಾವಿರದ ಮೇಲೆ ಎಣಿಸಿಕೊಟ್ಟೆ. ಈ ಸಲ ಬಿಲ್ಲು ಮೊದಲು, ಹಣ ಆಮೇಲೆ.

ನಿಮ್ಮ ಮಕ್ಕಳೂ ಹೀಗೆ ಜೋಡಿಸಲು ಹೊರಟರೆ ನಾನು ಕಲಿತ ನಾಲ್ಕು ಮಾತು ನೆನಪಿಡಿ.

ಮೊದಲು ಮದರ್‌ಬೋರ್ಡು ಯಾವ ಪೀಳಿಗೆಯ ಪಟ್ಟಿ ಒಪ್ಪುತ್ತದೆ ನೋಡಿ. ಡಿಡಿಆರ್-3, 4, 5 ಎಂದು ಬೇರೆ ಬೇರೆ. ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು, ಒತ್ತಾಯ ಮಾಡಬಾರದು. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯೂ ಇದಕ್ಕೆ ಆಗದು.

ಓದು-ಬರಹ, ಸಣ್ಣ ಪ್ರೋಗ್ರಾಮಿಗೆ 8 ಜಿಬಿ ನಡೆಯುತ್ತದೆ. 16 ಇದ್ದರೆ ನಿಶ್ಚಿಂತೆ. ಒಂದೇ ತರಹದ ಎರಡು ಪಟ್ಟಿ ಹಾಕಿದರೆ ಎರಡು ಒಲೆ ಹಚ್ಚಿದ ಹಾಗೆ ಕೆಲಸ ಚುರುಕು. ಹಣವಿಲ್ಲದಿದ್ದರೆ ಈಗ ಒಂದು ಹಾಕಿ, ಇನ್ನೊಂದು ಮನೆ ಖಾಲಿ ಬಿಡಿ.

ಬೋರ್ಡು 2666 ವೇಗಕ್ಕಿಂತ ಹೆಚ್ಚು ನಡೆಸದಿದ್ದರೆ 3200ರ ಪಟ್ಟಿಯೂ ಅಲ್ಲಿ 2666ರಲ್ಲೇ ಓಡುತ್ತದೆ. ಬಣ್ಣದ ದೀಪ ಹೊಳೆಯುವ ಪಟ್ಟಿಗೆ ಹೆಚ್ಚು ಹಣ ಕೊಡಬೇಡಿ. ಅದು ಬರೀ ಜರಿಯ ಅಂಚು.

ಹಳೆಯದನ್ನೇ ಕೊಳ್ಳುವುದಾದರೆ ಹೆಸರಿದ್ದದ್ದನ್ನು ಕೊಳ್ಳಿ, ಬಿಲ್ಲು ಬರೆಸಿ, ತಂದ ರಾತ್ರಿಯೇ ಮೆಮ್‌ಟೆಸ್ಟ್ ಮಾಡಿಸಿ. ಕೂರಿಸುವ ಮುನ್ನ ಪ್ಲಗ್ಗು ತೆಗೆದು, ಡಬ್ಬಿಯ ಕಬ್ಬಿಣವನ್ನೊಮ್ಮೆ ಮುಟ್ಟಿ. ಬಂಗಾರ ಬಣ್ಣದ ಅಂಚಿಗೆ ಬೆರಳು ತಾಗಿಸಬೇಡಿ. ಟಕ್ಕೆಂದು ಸದ್ದಾದರೆ ಕೂತಿತು.

ಹೊಸ ಪಟ್ಟಿ ಕೂರಿಸಿದ ದಿನ ಮಗಳು ಪಕ್ಕದ ಖಾಲಿ ಮನೆ ತೋರಿಸಿ ನಕ್ಕಳು. "ಯವ್ವಾ, ಬೆಲೆ ಇಳದ ಮ್ಯಾಲ ಇದಕ್ಕೂ ಒಂದು ತರೂಣು. ಆರಸಾಕ ನೀನ ಬರಬೇಕು."

ಆ ಮಾತು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಗೃಹಲಕ್ಷ್ಮಿಯ ಹಣ ಮತ್ತೆ ಕೂಡಿಸುತ್ತಿದ್ದೇನೆ. ಈ ಸಲ ಬದನೆಕಾಯಿಯ ಜಾಣತನವನ್ನು ಸಂತೆಗೇ ಬಿಟ್ಟು ಹೋಗುತ್ತೇನೆ.