ಸೊನ್ನಿ ಆದ್ರೂ ಬರಿ

ವೈರಿಂಗ್ ಕೆಲಸದಲ್ಲಿ ‘ಲೋಡ್’ ಅನ್ನುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಒಂದು ಹಳೆಯ ಮಾತಿದೆ: ಹೇರು. ಬಂಡಿಗೆ ಹೇರುವುದು, ಎತ್ತು ತಾಳುವಷ್ಟು ಹೇರುವುದು. ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ ಮೂರು ವರ್ಷಗಳಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅಪ್ಪನಿಗೆ ಕಿಲೋವ್ಯಾಟ್ ಅಂದರೇನೆಂದು ಹೇಳಬೇಕಾಗಿ ಬಂದಾಗ ತಾನಾಗಿ ನಾಲಿಗೆಗೆ ಬಂತು.

ಬಾಗಲಕೋಟೆಯಿಂದ ಹುನಗುಂದದ ಕಡೆ ಹೋಗುವ ದಾರಿಯಲ್ಲಿರುವ ಕಮತಗಿ ನೇಕಾರರ ಊರು. ಇಳಕಲ್ ಸೀರೆ ಇಳಕಲ್ಲಿನಲ್ಲಿ ಮಾತ್ರ ನೇಯುವುದಲ್ಲ. ನಮ್ಮ ಊರಲ್ಲೂ ಸುತ್ತಲಿನ ಊರುಗಳಲ್ಲೂ ನೇಯುತ್ತಾರೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಪೆಡಲು ತುಳಿಯುತ್ತ, ಲಾಳಿ ಓಡಿಸುತ್ತ ಅವನು ನಲವತ್ತು ವರ್ಷ ಕಳೆದಿದ್ದಾನೆ. ಹೋದ ವರ್ಷ ಮನೆಯ ಹಿಂಭಾಗ ಕೆಡವಿ ಕಟ್ಟುವುದು, ಮುಂದಿನ ಕೋಣೆ ಹಾಗೇ ಉಳಿಸಿಕೊಂಡು ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸುವುದು ಎಂದಾಯಿತು. ಲೆಕ್ಕ ಮಾಡುವ ಕೆಲಸ ನನಗೆ ಬಂತು.

ಹಳೆಯ ವೈರಿಂಗ್ ನೋಡಿದರೆ ಮನೆಯ ಚರಿತ್ರೆಯೇ ತಿಳಿಯುತ್ತಿತ್ತು. ಕಟ್ಟಿಗೆ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ತಂತಿ, ಎರಡು ದೀಪಕ್ಕೆಂದು ಹಾಕಿದ್ದು. ಆಮೇಲೆ ಫ್ಯಾನು ಬಂತು, ಟಿವಿ ಬಂತು, ಮಿಕ್ಸರ್ ಬಂತು, ಫ್ರಿಜ್ ಬಂತು. ತಂತಿ ಮಾತ್ರ ಅದೇ. ಪಿಂಗಾಣಿ ಫ್ಯೂಜು ಪದೇಪದೇ ಸುಡುತ್ತದೆಂದು ಯಾರೋ ಮೂರೆಳೆ ತಂತಿ ಹೊಸೆದು ಹಾಕಿದ್ದರು. ಅಲ್ಲಿಂದ ಫ್ಯೂಜು ಸುಡುವುದು ನಿಂತಿತು. ಹಾಗೆಂದರೆ ಇನ್ನು ಸುಡಬೇಕಾದದ್ದು ಗೋಡೆಯ ಮೇಲಿನ ತಂತಿ. ಎತ್ತು ಮುಗ್ಗರಿಸಬಾರದೆಂದು ಅದರ ಕಣ್ಣು ಕಟ್ಟಿದಂತೆ ಇದು.

ಒಂದು ಹಾಳೆಯಲ್ಲಿ ಪಟ್ಟಿ ಬರೆದೆ. 9 ವ್ಯಾಟಿನ ದೀಪ 14, ಒಟ್ಟು 126. ಫ್ಯಾನು 5, ಒಂದಕ್ಕೆ 75ರಂತೆ 375. ಟಿವಿ 100, ಫ್ರಿಜ್ 200, ಕೂಲರ್ 200, ಮಿಕ್ಸರ್ 750, ಇಸ್ತ್ರಿ ಪೆಟ್ಟಿಗೆ 1000, ಗೀಸರ್ 2000. ನೀರೆತ್ತುವ ಪಂಪು 1 ಎಚ್‌ಪಿ. ಪುಸ್ತಕದ ಪ್ರಕಾರ 1 ಎಚ್‌ಪಿ ಅಂದರೆ 746 ವ್ಯಾಟ್. ಆದರೆ ಅದು ಮೋಟರು ಹೊರಗೆ ಕೊಡುವ ಶಕ್ತಿ. ಅಷ್ಟು ಕೊಡಲು ಒಳಗೆ ಹೆಚ್ಚು ತೆಗೆದುಕೊಳ್ಳುತ್ತದೆ, ಹಾಗಾಗಿ 1000 ಹಿಡಿದೆ. ಕೂಡಿದರೆ 5,751 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 25 ಆಂಪಿಯರ್.

ವೈರಿಂಗ್ ಮೇಸ್ತ್ರಿ ನಕ್ಕ. “ತಂಗೀ, ಎಲ್ಲಾ ಒಮ್ಮೆಲೇ ಯಾರ್ ಹಚ್ಚತಾರ? 3 ಕಿಲೋವ್ಯಾಟ್ ಬರಿ, ತಿಂಗಳಾ ಫಿಕ್ಸೆಡ್ ಚಾರ್ಜರ ಉಳೀತೈತಿ.”

ಅವನ ಮಾತಿನಲ್ಲಿ ಅರ್ಧ ನಿಜವಿದೆ. ಎಲ್ಲವೂ ಒಟ್ಟಿಗೆ ಓಡುವುದಿಲ್ಲ ಎಂಬುದನ್ನು ಪುಸ್ತಕವೂ ಒಪ್ಪುತ್ತದೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಐದೂ ಫ್ಯಾನು, ಕೂಲರ್, ಫ್ರಿಜ್, ಟಿವಿ: ಎಲ್ಲ ಸೇರಿ 875 ವ್ಯಾಟ್, ನಾಲ್ಕು ಆಂಪಿಯರಿಗೂ ಕಡಿಮೆ. ಮನೆ ಕುದಿಯುತ್ತಿರುವಾಗ ತಂತಿ ಆರಾಮವಾಗಿರುತ್ತದೆ. ಅದೇ ಜನವರಿಯ ಚಳಿಯ ಮುಂಜಾನೆ ಗೀಸರ್, ಪಂಪು, ಮಿಕ್ಸರ್, ಫ್ರಿಜ್, ನಾಲ್ಕು ದೀಪ ಸೇರಿದರೆ ಸುಮಾರು 4 ಕಿಲೋವ್ಯಾಟ್, 17 ಆಂಪಿಯರ್. ಇದನ್ನು ಆಧಾರವಾಗಿಟ್ಟು ಮುಂದೆ ಹೋಗಬಹುದಿತ್ತು. ಆದರೆ ಅವ್ವ ರೊಟ್ಟಿ ಬಡಿಯುತ್ತಲೇ ಒಂದು ಮಾತು ಹೇಳಿದಳು: “ಕರೆಂಟ್ ಹೋಗಿ ಬಂತಂದ್ರ ನಾ ಏನ್ ಒಂದೊಂದ ಮಾಡ್ತೀನೇನು? ಮತ್ತ ಹೋಗೂದ್ರಾಗ ನೀರ ಏರಸಬೇಕು, ಹಿಂಡಿ ರುಬ್ಬಬೇಕು, ಅರಿವಿ ಇಸ್ತ್ರಿ ಮಾಡಬೇಕು, ಎಲ್ಲಾ ಕೂಡೇ.”

ಯಾವ ಪುಸ್ತಕದಲ್ಲೂ ನಾನಿದನ್ನು ಓದಿರಲಿಲ್ಲ. ಕರೆಂಟು ತಡೆಯಿಲ್ಲದೆ ಇರುವ ಊರಿನಲ್ಲಿ ಕೆಲಸ ದಿನದುದ್ದಕ್ಕೂ ಹಂಚಿಹೋಗುತ್ತದೆ. ಹೋಗಿ ಬರುವ ಊರಿನಲ್ಲಿ ಎಲ್ಲ ಕೆಲಸವೂ ಕರೆಂಟು ಬಂದ ಆ ತಾಸಿಗೆ ಬಂದು ನೂಕುನುಗ್ಗಲಾಗುತ್ತದೆ. ಅವ್ವನ ಆ ತಾಸಿನ ಲೆಕ್ಕ ಬೇರೆ ಮಾಡಿದೆ. ಪಂಪು, ಮಿಕ್ಸರ್, ಇಸ್ತ್ರಿ, ಗೀಸರ್, ಫ್ರಿಜ್, ಎಲ್ಲ ದೀಪ, ಎಲ್ಲ ಫ್ಯಾನು: 5,451 ವ್ಯಾಟ್. ಪೂರ್ತಿ ಪಟ್ಟಿಗೆ ಹೆಚ್ಚುಕಡಿಮೆ ಸಮ. ಅರ್ಜಿಯಲ್ಲಿ 6 ಕಿಲೋವ್ಯಾಟ್ ಎಂದೇ ಬರೆದೆ. ಫಿಕ್ಸೆಡ್ ಚಾರ್ಜು ಉಳಿಸಲು ಓಣಿಯವರೆಲ್ಲ ಅರ್ಧ ಬರೆದರೆ ಓಣಿಯ ಟ್ರಾನ್ಸ್‌ಫಾರ್ಮರಿಗೆ ಅದು ಗೊತ್ತಾಗುವುದಿಲ್ಲ. ಅದರ ಮೇಲೆ ಬೀಳುವುದು ಪೂರ್ತಿ ಹೇರೇ.

“200 ಯೂನಿಟ್ ಪುಕ್ಕಟ ಕೊಡ್ತಾರಲ್ಲವಾ, ಮತ್ತ್ಯಾಕ ಈ ಲೆಕ್ಕ?” ಎಂದು ಅಪ್ಪ ಕೇಳಿದ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಯೂನಿಟ್ ಎಂಬ ಮಾತು ಎಲ್ಲರ ಬಾಯಲ್ಲಿದೆ. ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟ್ ಮೀರಬಾರದು ಎಂಬ ಲೆಕ್ಕವನ್ನು ಅವ್ವನೂ ಹೇಳುತ್ತಾಳೆ. ಹೇರು ಎಂಬ ಮಾತು ಆಗಲೇ ನೆರವಿಗೆ ಬಂದದ್ದು. ತಿಂಗಳಿಡೀ ಬಂಡಿ ಸಾಗಿಸಿದ ಒಟ್ಟು ಮಾಲು ಯೂನಿಟ್. ಒಂದು ಸಲಕ್ಕೆ ಹೇರಿದ್ದು ಕಿಲೋವ್ಯಾಟ್. ಮಾಲು ಪುಕ್ಕಟೆ ಸಾಗಿಸಿದರೂ ಹೇರು ಹೆಚ್ಚಾದರೆ ಅಚ್ಚು ಮುರಿಯುತ್ತದೆ. ಅಪ್ಪನಿಗೆ ಅಷ್ಟು ಸಾಕಾಯಿತು.

ತಂತಿಯ ದಪ್ಪ ಆರಿಸುವಾಗ ನೆನಪಿಡಬೇಕಾದ ಸಂಗತಿ ಒಂದೇ, ಅದನ್ನು 1841ರಲ್ಲಿ ಜೇಮ್ಸ್ ಜೌಲ್ ಪ್ರಕಟಿಸಿದ: ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 8 ಆಂಪಿಯರ್ ಹೋಗುವಲ್ಲಿ 16 ಹೋದರೆ ಶಾಖ ನಾಲ್ಕು ಪಟ್ಟು. ಅದೂ ಗೋಡೆಯೊಳಗಿನ ಪೈಪಿನಲ್ಲಿ, ನಮ್ಮ ಬಿಸಿಲುನಾಡಿನಲ್ಲಿ. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ; ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದೆಂಬ ಡಿಪ್ಲೊಮಾ ಪುಸ್ತಕದ ನಿಯಮದಂತೆ ಮೂರು ಸರ್ಕ್ಯೂಟು ಮಾಡಿದೆ. ಅಡುಗೆಮನೆಗೆ 2.5, ಗೀಸರಿಗೆ ಪ್ರತ್ಯೇಕವಾಗಿ 4. ಎಂಸಿಬಿ ಹಾಕಿದರೆ ಎಲ್ಲ ಸುರಕ್ಷಿತ ಎಂದು ತುಂಬ ಜನ ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು, ಅದೂ ತನ್ನದೇ ನಿಧಾನದಲ್ಲಿ. 16 ಆಂಪಿಯರಿನ ಎಂಸಿಬಿಯಲ್ಲಿ 23 ಆಂಪಿಯರ್ ಹರಿದರೆ ಒಂದು ತಾಸಿನೊಳಗೆ ಬೀಳಬೇಕು ಎಂಬುದಷ್ಟೇ ಅದರ ಮಾನಕ. ಆದ್ದರಿಂದ ತಂತಿ ಎಂಸಿಬಿಗಿಂತ ಗಟ್ಟಿಯಾಗಿರಬೇಕು. ಅಂಗಡಿಯಲ್ಲಿ ದೊಡ್ಡ ಎಂಸಿಬಿ ತಂದು ಹಳೆಯ ತಂತಿಗೆ ಸಿಕ್ಕಿಸುವುದು, ಮೂರೆಳೆ ಫ್ಯೂಜಿನ ಹೊಸ ಅವತಾರ.

ಮನುಷ್ಯನನ್ನು ಕಾಯುವುದು ಬೇರೆಯದು, ಆರ್‌ಸಿಸಿಬಿ. ನನಗೆ ಇಡೀ ಮನೆಯಲ್ಲಿ ಭಯವಿದ್ದದ್ದು ಗೀಸರಿನ ಬಗ್ಗೆ ಅಲ್ಲ, ಅಪ್ಪನ ಕುಣಿಯ ಬಗ್ಗೆ. ಬರಿಗಾಲು ಹಸಿ ಮಣ್ಣಿನ ಕುಣಿಯಲ್ಲಿ. ಮಳೆಗಾಲದಲ್ಲಿ ಕುಣಿಯ ಗೋಡೆ ಜಿನುಗುತ್ತದೆ. ತಲೆಯ ಮೇಲೆ, ಕೈಗೆಟಕುವಷ್ಟು ಕೆಳಗೆ, ಗಂಟು ಹಾಕಿದ ತಂತಿಯಲ್ಲಿ ಜೋತ ಬಲ್ಬು. ಒಡಲಿನ ಹಾಸಿಗೆ ಸೆರಗಿನ ರೇಶ್ಮೆ ಹಾಸು ಜೋಡಿಸುವಾಗ ಎಳೆ ಕಾಣಲೆಂದು ಅವನು ಆ ಬಲ್ಬನ್ನು ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ. ಆ ತಂತಿಯ ಹೊದಿಕೆ ಒಂದೆಡೆ ಸೀಳಿದ್ದರೆ ಕರೆಂಟು ಅವನ ಮೈಮೂಲಕವೇ ಮಣ್ಣಿಗಿಳಿಯುವ ದಾರಿ ಸಿದ್ಧವಿತ್ತು. ಪ್ರಾಣ ತೆಗೆಯಲು ಆಂಪಿಯರಿನ ಚಿಕ್ಕ ಭಾಗವೇ ಸಾಕು. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಕಣ್ಣು ಕೂಡ ತೆರೆಯುವುದಿಲ್ಲ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಆರ್‌ಸಿಸಿಬಿ ಕ್ಷಣದಲ್ಲಿ ಬೀಳುತ್ತದೆ. ಮೇಸ್ತ್ರಿ ಅದರ ಬೆಲೆ ಹೇಳಿ ಮುಖ ನೋಡಿದ. ಗೀಸರ್ ಆಮೇಲೆ ತಂದರಾಯಿತು, ಇದು ಮೊದಲು ಬರಲಿ ಎಂದೆ. ಹಿತ್ತಲಲ್ಲಿ ಉಪ್ಪು, ಇದ್ದಿಲು ತುಂಬಿ ಅರ್ಥಿಂಗ್ ಗುಂಡಿಯನ್ನೂ ಹೊಸದಾಗಿ ಮಾಡಿಸಿದೆವು.

ಇಲ್ಲಿಗೆ ಪಟ್ಟಿ ಮುಗಿಯಬೇಕಿತ್ತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ತಮ್ಮ ಹೇಳಿದ: “ಅಕ್ಕಾ, ಎರಡು ಪಾವರ್‌ಲೂಮ್ ಸೈತ ಬರಿ. ಮುಂದಿನ ಕ್ವಾಣ್ಯಾಗ.”

ಮುಂದಿನ ಕೋಣೆ ಅಂದರೆ ಕುಣಿ ಮುಚ್ಚಬೇಕು. ಅವನು ಅದನ್ನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಒಂದು ಸೀರೆಗೆ ಅಪ್ಪ ಎಷ್ಟು ದಿನ ಕೂರುತ್ತಾನೆ, ಕೈಗೆ ಎಷ್ಟು ಬರುತ್ತದೆ ಎಂಬುದು ತಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಪಗಾರ ತರುವವಳು, ಅವನು ಆ ಮನೆಯಲ್ಲೇ ಬಾಳಬೇಕಾದವನು. ಅವನ ಮಾತನ್ನು ತಪ್ಪೆನ್ನಲು ನನಗೆ ಬಾಯಿಲ್ಲ. 1 ಎಚ್‌ಪಿಯ ಎರಡು ಮೋಟರು ಸೇರಿಸಿದರೆ ಒಟ್ಟು 7,751 ವ್ಯಾಟ್, 34 ಆಂಪಿಯರ್. ಮಿಕ್ಸರಿನಂತೆ ಮೂರು ನಿಮಿಷದ ಹೇರಲ್ಲ ಇದು, ದಿನವಿಡೀ ಇಳಿಯದ ಹೇರು. ಮೋಟರು ಹೊರಡುವ ಗಳಿಗೆಯಲ್ಲಿ ಐದಾರು ಪಟ್ಟು ಎಳೆಯುವುದರಿಂದ ಎಂಸಿಬಿಯ ಜಾತಿಯೂ ಬೇರೆಯಾಗಬೇಕು. ಮಗ್ಗಕ್ಕೆ ಮನೆಯ ಮೀಟರು ಸಲ್ಲದು, ಬೇರೆ ಅರ್ಜಿ, ಬೇರೆ ಮೀಟರು.

ಅಪ್ಪ ಹಾಳೆ ಈಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. “ನನ್ನ ಮಗ್ಗ ಎಲ್ಲಿ ಬರದಿ?”

“ಅದಕ್ಕ ಕರೆಂಟ್ ಬೇಕಾಗಿಲ್ಲಲ್ಲಪ್ಪಾ. ಸೊನ್ನಿ.”

“ಸೊನ್ನಿ ಆದ್ರೂ ಬರಿ.”

ಬರೆದೆ. ಕುಣಿಮಗ್ಗ, 1, 0 ವ್ಯಾಟ್. ಅದರ ಕೆಳಗೆ ಪಾವರ್‌ಲೂಮ್, 2, 2000 ವ್ಯಾಟ್. ಅಪ್ಪ ಎರಡನ್ನೂ ನೋಡಿ ಹಾಳೆಯನ್ನು ತಮ್ಮನ ಕೈಗೆ ಕೊಟ್ಟ. “ಪೈಪ್ ಹಾಕಸ್ರಿ. ಗ್ವಾಡಿ ಎರಡ ಸಲ ಒಡಿಯೂದ ಬ್ಯಾಡ” ಅಂದ. ಕುಣಿಯ ಮಾತು ಅವನೂ ಎತ್ತಲಿಲ್ಲ.

ಮೇಸ್ತ್ರಿ ಮೀಟರಿನ ಜಾಗದಿಂದ ಮುಂದಿನ ಕೋಣೆಗೆ ಎರಡು ಪೈಪು ಹೂಳಿದ. ಒಂದರಲ್ಲಿ ದೀಪದ ತಂತಿ ಎಳೆದ. ಇನ್ನೊಂದರಲ್ಲಿ ತಂತಿಯಿಲ್ಲ, ಮುಂದೆ ಎಳೆಯಲು ಬೇಕಾಗುತ್ತದೆಂದು ಬರೀ ಒಂದು ಸಪೂರ ಸ್ಟೀಲ್ ತಂತಿ ತೂರಿಸಿ ಎರಡೂ ತುದಿ ಮಡಚಿ ಬಿಟ್ಟಿದ್ದಾನೆ. ಎರಡನೆಯ ಮೀಟರಿನ ಅರ್ಜಿ ತುಂಬಿ ತಮ್ಮನ ಬಳಿ ಇದೆ, ಸಹಿಯೊಂದು ಬಾಕಿ.

ಬಲ್ಬು ಈಗ ಮಗ್ಗದ ಮೇಲೆ ಗಟ್ಟಿಯಾಗಿ ಕೂತಿದೆ, 9 ವ್ಯಾಟು, ಎಳೆದುಕೊಳ್ಳುವ ಕೆಲಸವಿಲ್ಲ. ಆರ್‌ಸಿಸಿಬಿಯ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ, ತಿಂಗಳಿಗೊಮ್ಮೆ ಒತ್ತಿ ಬೀಳುತ್ತದೋ ಇಲ್ಲವೋ ನೋಡಬೇಕು. ಅಪ್ಪ ಅದಕ್ಕೆ ಅಮಾವಾಸ್ಯೆಯನ್ನು ಗೊತ್ತು ಮಾಡಿಕೊಂಡಿದ್ದಾನೆ. ಅಂದು ನಮ್ಮ ಮನೆಯಲ್ಲಿ ಮಗ್ಗ ಹೂಡುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ, ಬೋರ್ಡಿನ ಮುಂದೆ ನಿಂತು ಗುಂಡಿ ಒತ್ತುತ್ತಾನೆ. ಟಪ್ಪೆಂದು ಇಡೀ ಮನೆ ಕತ್ತಲಾಗುತ್ತದೆ, ಒಳಗಿನಿಂದ ಅವ್ವ ಮಿಕ್ಸರ್ ನಿಂತಿತೆಂದು ಬೈಯುತ್ತಾಳೆ.