ಕೋಟಿ ಲಿಂಗಗಳ ನಡುವೆ ನಮ್ಮದೊಂದು

ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ಸಮೀಪದಲ್ಲಿರುವ ಕಮ್ಮಸಂದ್ರದ ಕೋಟಿಲಿಂಗೇಶ್ವರ ಕ್ಷೇತ್ರವನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಸ್ವಾಮಿ ಸಾಂಬಶಿವಮೂರ್ತಿಯವರು 1980ರಲ್ಲಿ ಆರಂಭಿಸಿದ ಈ ಕ್ಷೇತ್ರದಲ್ಲಿ 108 ಅಡಿ ಎತ್ತರದ ಮಹಾಲಿಂಗವಿದೆ, 35 ಅಡಿಯ ನಂದಿಯಿದೆ. ಸುತ್ತಲೂ ಭಕ್ತರು ಪ್ರತಿಷ್ಠಾಪಿಸಿದ ಅಸಂಖ್ಯ ಕಲ್ಲಿನ ಲಿಂಗಗಳಿವೆ. ಮಹಾಶಿವರಾತ್ರಿಯ ಜನಸಾಗರದಲ್ಲಿ ಅಲ್ಲಿ ಎರಡು ಬಗೆಯ ಹುಡುಕಾಟ ನಡೆಯುತ್ತದೆ. ಕೈತಪ್ಪಿದ ತಮ್ಮವರನ್ನು ಹುಡುಕುವುದು ಒಂದು. ಎಂದೋ ತಮ್ಮ ಹೆಸರಿನಲ್ಲಿ ಇರಿಸಿದ ಲಿಂಗವನ್ನು ಹುಡುಕುವುದು ಇನ್ನೊಂದು.

ನನ್ನ ತಾಯಿಯ ಹೆಸರಿನ ಲಿಂಗವೂ ಅಲ್ಲಿದೆ. ಅದರ ಸ್ಥಳವನ್ನು ಖಚಿತವಾಗಿ ಬಲ್ಲವರು ಈಗ ನಮ್ಮ ಅಕ್ಕ ಒಬ್ಬರೇ. ಅವರಿಗೆ ಎಂಬತ್ತು ದಾಟಿದೆ. ಆದ್ದರಿಂದಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಜಾತ್ರೆ, ಸಮ್ಮೇಳನಗಳಿಗೆ ಬರುವವರಿಗೆ ದಾರಿ ತೋರುವ ಮೊಬೈಲ್ ಆ್ಯಪ್ ಒಂದನ್ನು ರೂಪಿಸುತ್ತಿರುವೆನೆಂದಾಗ ನನಗೆ ವಿಶೇಷ ಆಸಕ್ತಿ ಮೂಡಿತು.

ಅವನು ವಿವರಿಸಿದ ತೊಡಕುಗಳು ಸ್ವಾರಸ್ಯಕರವಾಗಿವೆ. ಸಾಮಾನ್ಯ ಮೊಬೈಲಿನ ಜಿ.ಪಿ.ಎಸ್. ತೆರೆದ ಬಯಲಿನಲ್ಲೂ ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುತ್ತದೆ. ಊರಿನ ರಸ್ತೆಗೆ ಅಷ್ಟು ಸಾಕು. ಆದರೆ ಒತ್ತೊತ್ತಾಗಿ ನಿಂತ ಲಿಂಗಗಳ ನಡುವೆ ಅಷ್ಟೇ ಅಂತರದಲ್ಲಿ ಹತ್ತಾರು ಲಿಂಗಗಳಿರುತ್ತವೆ. ಇನ್ನು ಸಾವಿರಾರು ಜನ ಒಂದೇ ಕಡೆ ಸೇರಿ ಒಟ್ಟಿಗೆ ಫೋನು ಬಳಸಿದರೆ ಟವರಿನ ಶಕ್ತಿ ಸಾಲದು. ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಆ್ಯಪ್ ಮೂಕವಾಗುತ್ತದೆ.

ಇದಕ್ಕೆ ಉತ್ತರ ನಮ್ಮ ಕಾಲ ಕೆಳಗೇ ಇದೆಯಲ್ಲವೇ ಎಂದೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಆಕಾಶವೇ ಕಾಣದ ಆ ಕತ್ತಲೆಯಲ್ಲಿ ಯಾವ ಉಪಗ್ರಹವೂ ದಾರಿ ತೋರಲಾರದು. ಶಾಫ್ಟಿಗೊಂದು ಹೆಸರು, ಲೆವೆಲ್ಲಿಗೊಂದು ಸಂಖ್ಯೆ: ಕೆಳಗಿಳಿದವರು ತಾವೆಲ್ಲಿದ್ದೇವೆಂದು ಹೇಳಲು ಅದೇ ಆಧಾರ. ಹಾಗೆಯೇ ಲಿಂಗಗಳ ಸಾಲುಗಳಿಗೂ ಕಂಬಗಳಿಗೂ ಎದ್ದು ಕಾಣುವ ಸಂಖ್ಯೆ ಬರೆಸಿದರೆ ಅರ್ಧ ಕೆಲಸ ಮುಗಿದಂತೆ. 2025ರ ಪ್ರಯಾಗರಾಜದ ಮಹಾಕುಂಭದಲ್ಲಿ ವಿದ್ಯುತ್ ಕಂಬಗಳಿಗೆ ಕ್ಯೂಆರ್ ಸಂಕೇತ ಅಂಟಿಸಿದ್ದರು; ಫೋನು ಹಿಡಿದರೆ ಸ್ಥಳ ತಿಳಿಯುತ್ತಿತ್ತು. ಮನೆಯಿಂದ ಹೊರಡುವಾಗಲೇ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡಿದ್ದರೆ ಇಂಥ ಸಂಕೇತವನ್ನು ಓದಲು ಟವರಿನ ಹಂಗೂ ಬೇಕಿಲ್ಲ. ಫೋನೇ ಇಲ್ಲದ ಅಜ್ಜಿಯೂ ಕಂಬದ ಸಂಖ್ಯೆಯನ್ನು ಪೊಲೀಸರಿಗೆ ಹೇಳಬಲ್ಲಳು. ಧ್ವನಿವರ್ಧಕದಲ್ಲಿ ಅದೇ ಸಂಖ್ಯೆಯನ್ನು ಕೂಗಿ ಅವಳ ಮನೆಯವರನ್ನು ಕರೆಸಬಹುದು.

ಭಾಷೆಯ ಮಾತೂ ಇದೆ. ನಮ್ಮ ಕಡೆ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಕೇಳಿಬರುತ್ತವೆ. ಚೆನ್ನಾಗಿ ಮಾತನಾಡುವ ಭಾಷೆಯನ್ನು ಓದಲು ಬಾರದವರು ಬಹಳ. ಆದ್ದರಿಂದ ಆ್ಯಪ್ ಮಾತನಾಡಬೇಕು. ಅದೂ ‘ಉತ್ತರಕ್ಕೆ ನಲವತ್ತು ಮೀಟರ್’ ಎಂದಲ್ಲ. ‘ನಂದಿಯನ್ನು ಬೆನ್ನಿಗೆ ಹಾಕಿಕೊಂಡು ನಡೆಯಿರಿ, ಬಲಗಡೆಯ ಮೂರನೆಯ ಸಾಲು’ ಎಂದು. ನಮ್ಮ ಜನ ದಾರಿ ಹೇಳುವುದು ಹಾಗೆಯೇ.

ಹುಡುಗ ಒಪ್ಪಿದ. ಒಂದು ಭಾನುವಾರ, ಜನರಿಲ್ಲದ ಹೊತ್ತಿನಲ್ಲಿ, ಹೋಗಿ ಸಾಲುಗಳನ್ನು ಎಣಿಸುವುದೆಂದು ನಿಶ್ಚಯವಾಗಿದೆ. ಗುರುತುಗಳ ಹೆಸರನ್ನು ಮೂರು ಭಾಷೆಗಳಲ್ಲಿ ಬರೆದುಕೊಡುವ ಕೆಲಸ ನನ್ನದು. ಅಕ್ಕನನ್ನೂ ಕರೆದೊಯ್ಯಬೇಕು. ಅವರು ಬೆರಳು ತೋರಿದ ಮೇಲೆ ತಾಯಿಯ ಲಿಂಗದ ಸಾಲು, ಸಂಖ್ಯೆಗಳನ್ನು ಮೊದಲು ನನ್ನ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಫೋನಿನಲ್ಲಿ.