ಮಾತಾಡುವ ಕೈಗವಸು ಹುಡುಕಿಕೊಂಡು

ಅಮೆರಿಕಕ್ಕೆ ಹೋಗಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿದರೆ ನಯಾಗರ ಎನ್ನುತ್ತಾರೆ. ನಾನು ನಯಾಗರ ನೋಡಲಿಲ್ಲ. 2024ರ ಜನವರಿ ಕೊನೆಗೆ ತಂಗಿಯ ಬಾಣಂತನಕ್ಕೆಂದು ಸಿಯಾಟಲ್‌ಗೆ ಹೋದವಳು ಮೂರು ತಿಂಗಳನ್ನು ಮೆಂತ್ಯದ ಹಿಟ್ಟು, ಎಣ್ಣೆ ನೀರು, ಕೂಸಿನ ಬಟ್ಟೆ ಇಷ್ಟರಲ್ಲೇ ಕಳೆದೆ. ಆದರೂ ಒಂದು ಆಸೆ ಇಟ್ಟುಕೊಂಡೇ ವಿಮಾನ ಹತ್ತಿದ್ದೆ. ಹೇಳಿದರೆ ನಗಬೇಡಿ, ಅದು ಒಂದು ಜೊತೆ ಕೈಗವಸು!

2016ರಲ್ಲಿ ಪೇಪರಿನಲ್ಲಿ ಬಂದಿದ್ದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಹುಡುಗರು, ನವೀದ್ ಅಜೋದಿ ಮತ್ತು ಥಾಮಸ್ ಪ್ರಯರ್, ಇನ್ನೂ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದವರು, ಕಿವುಡರ ಕೈಸನ್ನೆಯನ್ನು ಬಾಯಿಮಾತು ಮಾಡುವ ಕೈಗವಸಿನ ಒಂದು ಮಾದರಿ ತಯಾರಿಸಿದ್ದರು. ಅದಕ್ಕೆ 'ಸೈನ್‌ಅಲೌಡ್' ಅಂತ ಹೆಸರು. ವಿದ್ಯಾರ್ಥಿಗಳಿಗೆ ಕೊಡುವ ಲೆಮೆಲ್ಸನ್-ಎಂಐಟಿ ಬಹುಮಾನ, 10,000 ಡಾಲರ್, ಅದಕ್ಕೆ ಬಂತು. ಕೈ ಎಲ್ಲಿದೆ, ಬೆರಳು ಹೇಗೆ ಆಡಿತು ಅನ್ನುವುದನ್ನು ಕೈಗವಸಿನ ಸೆನ್ಸರುಗಳು ಗುರುತಿಸುತ್ತವೆ. ಅದು ತಂತಿಯಿಲ್ಲದೆ ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರು ತನ್ನಲ್ಲಿರುವ ಸನ್ನೆಗಳ ಜೊತೆ ತಾಳೆ ನೋಡಿ, ಹೊಂದಿದರೆ ಆ ಪದವನ್ನು ಸ್ಪೀಕರಿನಲ್ಲಿ ಇಂಗ್ಲಿಷಿನಲ್ಲಿ ನುಡಿಯುತ್ತದೆ.

ನನಗೆ ಇದರ ಗೀಳು ಯಾಕೆ ಅಂತೀರಾ? ನಮ್ಮ ನಾದಿನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನಾನು ತೀರ್ಥಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದೇ ಅಡಿಗೆಮನೆಯಲ್ಲಿ ಇದ್ದೇವೆ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ ಸನ್ನೆ ಕಲಿತವಳು ಅವಳು. ನಾನು ಕಲಿತದ್ದು ಊಟ, ಬಾ, ಸಾಕು, ಹಾಲು ಉಕ್ಕಿತು, ಅಷ್ಟೇ. ನಮ್ಮ ಅತ್ತೆ ಮಲಗಿದ್ದಾಗ ಅವಳು ಎರಡು ದಿನ ಒಂದೇ ಸಮನೆ ಬಾಯಿ ತೋರಿಸಿ, ದಿಂಬು ತೋರಿಸಿ, ನನ್ನ ಸೆರಗು ಎಳೆದಳು. ಅತ್ತೆಗೆ ನೀರು ಬೇಕು ಅಂತಿದ್ದಾಳೆ ಅಂದುಕೊಂಡು ನೀರು ಕೊಟ್ಟೆ. ಮೂರನೆಯ ದಿನ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗೆ ಏಳು ಮಾತ್ರೆ ಸಿಕ್ಕವು. ಅತ್ತೆ ನುಂಗಿದಂತೆ ಮಾಡಿ ಉಗುಳಿಡುತ್ತಿದ್ದರು. ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಮಾತ್ರೆ ನುಂಗಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು, ನಮ್ಮವರೂ ಹೇಳಿದರು. ಅವಳು ಮಾತ್ರ ತಿಂಗಳುಗಟ್ಟಲೆ ನನ್ನ ಮುಖ ನೋಡಲಿಲ್ಲ.

ಹಾಗಾಗಿ ಆ ಕತ್ತರಿಸಿದ ಪೇಪರು.

ಕೂಸಿಗೆ ನಲವತ್ತು ದಿನ ಕಳೆದ ಮೇಲೆ, ಮಾರ್ಚಿ ಕೊನೆಯಲ್ಲಿ ತಂಗಿ, "ಅಕ್ಕಾ, ಯೂನಿವರ್ಸಿಟಿಯಲ್ಲಿ ಚೆರ್ರಿ ಹೂ ಬಿಟ್ಟಿದೆ, ಹೋಗೋಣ" ಅಂದಳು. ಮಳೆ ಹನಿಯುತ್ತಿತ್ತು. ಸಿಯಾಟಲ್ ಮಳೆಗೆ ಹೆಸರುವಾಸಿ ಅನ್ನುತ್ತಾರೆ, ಆದರೆ ವರ್ಷವಿಡೀ ಸೇರಿಸಿದರೂ ಸಾವಿರ ಮಿಲಿಮೀಟರಿನ ಒಳಗೆ. ಏಳು ಸಾವಿರ ದಾಟುವ ಆಗುಂಬೆಯ ಪಕ್ಕದಿಂದ ಹೋದ ನನಗೆ ಅದು ಜರಡಿ ಹಿಡಿದಂತೆ ಕಂಡಿತು. ರೈಲಿಳಿದು ಏರು ದಾರಿಯಲ್ಲಿ ನಡೆದರೆ ದೊಡ್ಡ ಕಾರಂಜಿ. ಅಲ್ಲಿ ತಿರುಗಿ ನಿಂತರೆ, ಮೋಡವಿಲ್ಲದಿದ್ದರೆ, 4,392 ಮೀಟರ್ ಎತ್ತರದ ರೇನಿಯರ್ ಹಿಮಪರ್ವತ ಕಾಣುತ್ತದೆ. ನಮಗೆ ಮೋಡವೇ ಕಂಡಿತು ಅನ್ನಿ. ಮುಂದೆ ಕೆಂಪು ಇಟ್ಟಿಗೆ ಹಾಸಿದ ಬಯಲು, ಅದರಾಚೆ ಕ್ವಾಡ್ ಎಂಬ ಅಂಗಳದಲ್ಲಿ ಮೂವತ್ತರಷ್ಟು ಚೆರ್ರಿ ಮರಗಳು. 1960ರ ದಶಕದಲ್ಲಿ ಹೆದ್ದಾರಿ ಮಾಡುವಾಗ ಬೇರೆ ಕಡೆಯಿಂದ ಕಿತ್ತು ತಂದು ನೆಟ್ಟವಂತೆ. ಒಂದು ಎಲೆಯಿಲ್ಲ, ಬರೀ ತಿಳಿಗುಲಾಬಿ ಹೂ.

"ಆ ಹುಡುಗರು ಕೈಗವಸು ಮಾಡಿದ ಜಾಗ ಎಲ್ಲೇ?" ಅಂದೆ. ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆಂದೇ ಸಲಕರಣೆ ಇಟ್ಟಿದ್ದ ಕಾರ್ಯಾಗಾರದಲ್ಲಿ ಮಾಡಿದ್ದು ಅಂತ ನನ್ನ ಪೇಪರಿನಲ್ಲಿತ್ತು. ತಂಗಿ ಕೂಸನ್ನು ಹೊದಿಸುತ್ತಾ, "ಅಕ್ಕಾ, ನಿನಗೆ ಹೇಳೋದು ಹೇಗೆ ಅಂತ ಸುಮ್ಮನಿದ್ದೆ. ಅದು ಅಂಗಡಿಯಲ್ಲಿ ಸಿಗುವ ವಸ್ತು ಆಗಲೇ ಇಲ್ಲ. ಕಿವುಡರಿಗೇ ಅದು ಹಿಡಿಸಲಿಲ್ಲ" ಅಂದಳು.

ನನಗೆ ಸಿಟ್ಟೇ ಬಂತು. ಹಿಡಿಸದೆ ಏನು! ತಂಗಿ ಫೋನಿನಲ್ಲಿ ಓದಿ ಹೇಳಿದಳು. ಅದೇ ವಿಶ್ವವಿದ್ಯಾಲಯದಲ್ಲಿ ಸನ್ನೆಭಾಷೆ ಕಲಿಸುವವರೂ ಭಾಷಾಶಾಸ್ತ್ರದ ಪ್ರೊಫೆಸರೊಬ್ಬರೂ ಸೇರಿ ಬಹುಮಾನ ಬಂದ ವರ್ಷವೇ ಬಹಿರಂಗ ಪತ್ರ ಬರೆದಿದ್ದರಂತೆ. ಸನ್ನೆಭಾಷೆ ಅಂದರೆ ಕೈ ಮಾತ್ರವಲ್ಲ, ಮುಖ, ಮೈ ಎಲ್ಲ ಸೇರಿದ ವ್ಯಾಕರಣ. ಅಮೆರಿಕದ ಸನ್ನೆಯಲ್ಲಿ ಹೌದೋ ಅಲ್ಲವೋ ಅಂತ ಕೇಳುವಾಗ ಹುಬ್ಬು ಮೇಲೇರಬೇಕು, ಕೈಗವಸಿಗೆ ಹುಬ್ಬು ಎಲ್ಲಿಂದ ಬರಬೇಕು? ಇನ್ನೊಂದು, ಕೈಗವಸು ಕಿವುಡರ ಮಾತನ್ನು ನಮಗೆ ಮುಟ್ಟಿಸುತ್ತದೆ, ನಮ್ಮ ಮಾತನ್ನು ಅವರಿಗೆ ಯಾರು ಮುಟ್ಟಿಸುವುದು? ಕೇಳಿಸುವವರು ಹಾಯಾಗಿ ಕೂತಿರಲು ಕಿವುಡರೇ ಯಂತ್ರ ತೊಟ್ಟುಕೊಳ್ಳಬೇಕು. ಹುಡುಗರ ಮೇಲೆ ನನಗೆ ಈಗಲೂ ಬೇಸರವಿಲ್ಲ, ಪಾಪ, ಆ ವಯಸ್ಸಿಗೆ ಅಷ್ಟು ಯೋಚಿಸಿದರಲ್ಲ. ಅವರೇ ಮೊದಲಿಗರೂ ಅಲ್ಲ. 2001ರಲ್ಲೇ ಕೊಲರಾಡೊದ ರಯಾನ್ ಪ್ಯಾಟರ್ಸನ್ ಎಂಬ ಹೈಸ್ಕೂಲು ಹುಡುಗ ಗಾಲ್ಫ್ ಆಡುವ ಚರ್ಮದ ಕೈಗವಸಿಗೆ ಸೆನ್ಸರು ಹೊಲಿದಿದ್ದನಂತೆ.

ಮಳೆ ನಿಂತಿತ್ತು. ದೂರದ ಮರದ ಕೆಳಗೆ ಇಬ್ಬರು ಹುಡುಗಿಯರು ಕೈಯಲ್ಲಿ ಮಾತಾಡುತ್ತಿದ್ದರು. ನಾನು ಕೈ ನೋಡುವುದು ಬಿಟ್ಟು ಮುಖ ನೋಡಿದೆ. ಒಬ್ಬಳ ಹುಬ್ಬು ಏರಿತು, ಇನ್ನೊಬ್ಬಳು ನಕ್ಕಳು. ದಿಂಬು ತೋರಿಸಿದಾಗ ನಮ್ಮ ನಾದಿನಿಯ ಮುಖ ಹೇಗಿತ್ತು? ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ನಾನು ಅವತ್ತು ಅವಳ ಮುಖ ನೋಡಿಯೇ ಇರಲಿಲ್ಲ.

ಬರುವಾಗ ಅಂಗಡಿಯಲ್ಲಿ ಅವಳಿಗೆ ಉಣ್ಣೆಯ ಸಾದಾ ಕೈಗವಸು ತಂದೆ. ತೊಟ್ಟುಕೊಂಡು ಏನೋ ಹೇಳಲು ಹೋದಳು, ಬೆರಳು ಸರಿಯಾಗಿ ಆಡದೆ ಕಳಚಿ ಟ್ರಂಕಿಗೆ ಹಾಕಿದಳು.

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು ಸನ್ನೆಗಳ ನಿಘಂಟು ಮಾಡಿದ್ದಾರೆ. 2021ರ ಹೊತ್ತಿಗೆ ಅದು 10,000 ಪದಗಳಾಗಿದೆ, ವಿಡಿಯೋಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನೋಡಿ. ನಮ್ಮದು ಅಮೆರಿಕದ ಸನ್ನೆಯಲ್ಲ, ಅದು ಬೇರೆ, ಇದು ಬೇರೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾವಿಬ್ಬರೂ ಕೂತು ದಿನಕ್ಕೆ ಎರಡು ಪದ ನೋಡುತ್ತೇವೆ. ಅವಳ ಶಾಲೆಯ ಸನ್ನೆ ಕೆಲವು ಅದಕ್ಕೆ ಹೊಂದುವುದಿಲ್ಲ. ಆಗ ಅವಳದೇ ಸರಿ ಅಂತ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಎದ್ದು ಹೋಗುತ್ತಾಳೆ!

ಮೊನ್ನೆ ನಾನು 'ಮಾತ್ರೆ' ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿ, ನನ್ನ ಬೆರಳು ಹಿಡಿದು ಸರಿಮಾಡಿದಳು.